ಕದ್ರಿ ಗುಡ್ಡೆಯ ಮೀನುಗಾರ ಗುರು

ವರ್ಷಕ್ಕೆ ಒಂದೆರಡು ಸಲ ಆದ್ರೂ ನಮ್ಮ ಯಾವುದಾದ್ರೂ ವಾಟ್ಸಾಪ್ ಗ್ರೂಪಲ್ಲಿ ಈ ಜಗಳ ಶುರು ಆಗ್ತದೆ. ಯಾರೋ ಒಬ್ರು ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರ ವಿಗ್ರಹದ ಫೋಟೋ ಹಾಕಿ "ಇದು ಮೊದ್ಲು ಬೌದ್ಧರ ಜಾಗ, ಆಮೇಲೆ ಶೈವರು ತಗೊಂಡದ್ದು" ಅಂತ ಬರೀತಾರೆ, ಇನ್ನೊಬ್ರು ತಕ್ಷಣ "ಯಾರು ಹೇಳಿದ್ದು ನಿಮ್ಗೆ, ಪರಶುರಾಮನಿಗೆ ಶಿವ ಒಲಿದ ಕ್ಷೇತ್ರ ಅದು" ಅಂತ, ಮೂರನೆಯವರು ಒಂದು ಮಾರುದ್ದದ ಫಾರ್ವರ್ಡ್, ಮಧ್ಯದಲ್ಲಿ ಯಾರೋ ಪಾಪ ಗುಡ್ ಮಾರ್ನಿಂಗ್ ಅಂತ ಹೂವಿನ ಚಿತ್ರ ಹಾಕಿ ಬೈಸಿಕೊಳ್ಳುದು. ಸಂಜೆ ಹೊತ್ತಿಗೆ ಎರಡು ಜನ ಗ್ರೂಪ್ ಬಿಟ್ಟು ಹೋಗಿರ್ತಾರೆ.

ನನಗೆ ಈ ಜಗಳದಲ್ಲಿ ಸಿಟ್ಟು ಬರುದು ಯಾಕೆ ಅಂದ್ರೆ ಎರಡೂ ಕಡೆಯವರು ಆ ವಿಗ್ರಹದ ಪೀಠದಲ್ಲಿ ಎಂತ ಬರೆದದ್ದುಂಟು ಅಂತ ನೋಡಿಯೇ ಇಲ್ಲ. ವಿಗ್ರಹ ಇರುದು ನಮ್ಮ ಕಣ್ಣೆದುರು, ಬಸ್ಸಲ್ಲಿ ಹೋದ್ರೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಸ್ವಲ್ಪ ಹೊತ್ತಿನ ದಾರಿ. ಕಂಚಿನದ್ದು, ಪದ್ಮಾಸನದಲ್ಲಿ ಕೂತದ್ದು, ಸುಮಾರು 5 ಅಡಿ ಎತ್ತರ. ಮೂರು ಮುಖ, ಆರು ಕೈ, ಎತ್ತರದ ಕಿರೀಟ, ಹಿಂದೆ ಪ್ರಭಾವಳಿ. ಮೂರು ಮುಖ ಕಾಣುದ್ರಿಂದ ನಾಲ್ಕನೆಯದ್ದು ಹಿಂದೆ ಇರ್ಬೇಕು ಅಂತ ಲೆಕ್ಕ ಹಾಕಿ ಬ್ರಹ್ಮ ಅಂತ ಕೈಮುಗಿದು ಹೋಗುವವರೂ ಉಂಟು, ಅದ್ರಲ್ಲಿ ತಪ್ಪೇನಿಲ್ಲ, ಮುಗಿದ ಕೈ ಮುಗಿದದ್ದೇ. ದಕ್ಷಿಣ ಭಾರತದ ಕಂಚಿನ ವಿಗ್ರಹಗಳ ಮಾತು ಬಂದಾಗ ಎಲ್ಲರೂ ಚೋಳರ ನಟರಾಜ ಅಂತಾರೆ, ನಮ್ಮ ಊರಿನ ಈ ಕೆಲಸವನ್ನ ಒಮ್ಮೆ ನಿಂತು ನೋಡಿದ್ರೆ ಆ ಕಾಲದ ತುಳುನಾಡಿನ ಎರಕದವರ ಕೈ ಎಂಥದ್ದು ಅಂತ ಗೊತ್ತಾಗ್ತದೆ. ಭುಜದಿಂದ ಕೈಗಳು ಕವಲೊಡೆಯುವ ಜಾಗ ನೋಡಿ, ಆರು ಕೈ ಅಂಟಿಸಿದ ಹಾಗೆ ಕಾಣುದಿಲ್ಲ, ಬೆಳೆದ ಹಾಗೆ ಕಾಣ್ತದೆ. ಮುಖದಲ್ಲಿ ಸಿಟ್ಟೂ ಇಲ್ಲ ನಗುವೂ ಇಲ್ಲ.

ಪೀಠದ ಶಾಸನ ಸಂಸ್ಕೃತದಲ್ಲಿ ಉಂಟು. ಕಲಿಯುಗದ ವರ್ಷ ಕೊಟ್ಟಿದ್ದಾರೆ, ಅದನ್ನ ನಮ್ಮ ಲೆಕ್ಕಕ್ಕೆ ತಂದ್ರೆ ಕ್ರಿ.ಶ. 968. ತುಳುನಾಡನ್ನ ಆಳಿದ ಆಳುಪ ವಂಶದ ಅರಸ ಕುಂದವರ್ಮ ಕದರಿಕಾ ಅನ್ನುವ ವಿಹಾರದಲ್ಲಿ ಲೋಕೇಶ್ವರನನ್ನ ಪ್ರತಿಷ್ಠೆ ಮಾಡಿದ ಅಂತ ಅದ್ರ ಸಾರ. ವಿಹಾರ ಅಂತ ಬಂತಲ್ಲ, ಬೌದ್ಧರ ಕಡೆಯವರು ಇಲ್ಲಿಗೆ ಓದುದು ನಿಲ್ಲಿಸಿ ಚಪ್ಪಾಳೆ ತಟ್ತಾರೆ. ಆದ್ರೆ ಅದೇ ಶಾಸನದಲ್ಲಿ ಕುಂದವರ್ಮ ತನ್ನನ್ನ ಎಂತ ಅಂತ ಹೇಳಿಕೊಂಡದ್ದು ಗೊತ್ತುಂಟಾ, ಬಾಲಚಂದ್ರನನ್ನ ತಲೆಯಲ್ಲಿ ಇಟ್ಟವನ ಪಾದಕಮಲದ ದುಂಬಿ ಅಂತ. ಬಾಲಚಂದ್ರನನ್ನ ತಲೆಯಲ್ಲಿ ಇಟ್ಟವ ಯಾರು ಅಂತ ಎರಡನೇ ಕ್ಲಾಸಿನ ಮಗುವೂ ಹೇಳ್ತದೆ. ಅಂದ್ರೆ ಶಿವನ ಪಾದಕ್ಕೆ ಅಂಟಿಕೊಂಡ ರಾಜ, ವಿಹಾರ ಅಂತ ಕರೆಯುವ ಜಾಗದಲ್ಲಿ, ಬೌದ್ಧರು ಬೋಧಿಸತ್ತ್ವ ಅಂತ ಪೂಜೆ ಮಾಡುವ ಹೆಸರಿನ ಮೂರ್ತಿ ಇಟ್ಟು, ಅದನ್ನ ಹೆಮ್ಮೆಯಿಂದ ಬರೆಸಿಯೂ ಇಟ್ಟ. ಅವನಿಗೆ ಇದ್ರಲ್ಲಿ ಎಂತದೂ ವಿಚಿತ್ರ ಕಾಣ್ಲಿಲ್ಲ. ವಿಚಿತ್ರ ಕಾಣುದು ನಮಗೆ. ಮಂಜೇಶ್ವರದ ಗೋವಿಂದ ಪೈಗಳಿಂದ ಹಿಡಿದು ಸಾಲೆತ್ತೂರು, ಗುರುರಾಜ ಭಟ್ಟರವರೆಗೆ ತುಳುನಾಡಿನ ಚರಿತ್ರೆ ಬರೆದ ದೊಡ್ಡವರೆಲ್ಲ ಕದ್ರಿಯ ಹತ್ರ ಬಂದಾಗ ನಿಂತು ಯೋಚನೆ ಮಾಡಿದ್ದಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಪೂರ್ತಿ ಒಪ್ಪಿಗೆ ಆಗ್ಲೂ ಇಲ್ಲ.

ನನ್ನ ಪ್ರಕಾರ ಈ ಗೊಂದಲಕ್ಕೆ ಒಂದು ಕಾರಣ ಉಂಟು. ನಾವು ಕದ್ರಿಯ ಕಥೆಯಿಂದ ಒಬ್ಬ ಮನುಷ್ಯನನ್ನ ತೆಗೆದು ಹೊರಗೆ ಇಟ್ಟುಬಿಟ್ಟಿದ್ದೇವೆ. ಅವನನ್ನ ವಾಪಸ್ ಒಳಗೆ ಕೂರಿಸಿದ್ರೆ ಶಿವಭಕ್ತನ ಲೋಕೇಶ್ವರ ಅಷ್ಟೊಂದು ಒಗಟು ಅಲ್ಲ. ಅವನ ಹೆಸರು ಮತ್ಸ್ಯೇಂದ್ರನಾಥ, ಮಚ್ಛೇಂದ್ರ ಅಂತಲೂ ಹೇಳ್ತಾರೆ.

ಹೊರಗಿನವರಿಗೆ ಕದ್ರಿ ಅಂದ್ರೆ ಗೋಪಾಲನಾಥರ ಸ್ಯಾಕ್ಸೋಫೋನ್. ನಮಗೆ ಕದ್ರಿ ಅಂದ್ರೆ ಪಾರ್ಕ್, ಆಕಾಶವಾಣಿ, ಜಾತ್ರೆ, ಗೋಮುಖದ ನೀರು, ಆ ಕೆರೆಗಳು. ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಜೋಗಿ ಮಠ, ಅಂದ್ರೆ ನಾಥ ಪಂಥದ ಶೈವ ಯೋಗಿಗಳ ಮಠ ಉಂಟು ಅಂತ ಗೊತ್ತಿರುವವರು ಕಡಿಮೆ, ಗೊತ್ತಿದ್ರೂ ಅಲ್ಲಿಗೆ ಹೋಗುದು ಪಾಂಡವರ ಗುಹೆ ನೋಡ್ಲಿಕ್ಕೆ, ಸೆಲ್ಫಿ ತೆಗೀಲಿಕ್ಕೆ. ಮಚ್ಛೇಂದ್ರನ ಹೆಸರು ಈ ಊರಲ್ಲಿ ದಿನಾ ಬಾಯಿಗೆ ಬರುದು ಒಂದೇ ಕಡೆ, ಬೆಳಿಗ್ಗೆಯ ಯೋಗ ಕ್ಲಾಸಲ್ಲಿ. "ಈಗ ಅರ್ಧ ಮತ್ಸ್ಯೇಂದ್ರಾಸನ, ಸೊಂಟ ತಿರುಗಿಸಿ, ಉಸಿರು ಬಿಡಿ" ಅಂತ ಟೀಚರ್ ಹೇಳ್ತಾರೆ, ಶುಗರಿಗೆ ಒಳ್ಳೇದು ಅಂತ ಸೇರಿಸ್ತಾರೆ, ರಿಟೈರ್ಡ್ ಬ್ಯಾಂಕ್ ಮ್ಯಾನೇಜರುಗಳು ಕಷ್ಟಪಟ್ಟು ತಿರುಗಿಸ್ತಾರೆ. ಹಠಯೋಗದ ಹಳೇ ಪುಸ್ತಕ ಹಠಪ್ರದೀಪಿಕೆಯೂ ಸುಮಾರಾಗಿ ಇದನ್ನೇ ಹೇಳುದು ಮಾರಾಯ್ರೆ, ಹೊಟ್ಟೆಯ ಅಗ್ನಿ ಏಳ್ತದೆ, ರೋಗಗಳ ಗುಂಪನ್ನ ಕಡಿಯುವ ಅಸ್ತ್ರ ಇದು ಅಂತ. ಆ ಪುಸ್ತಕದ ಶುರುವಿಗೆ ಸಿದ್ಧರ ಪಟ್ಟಿ ಉಂಟು, ಆದಿನಾಥ ಅಂದ್ರೆ ಶಿವ ಮೊದಲು, ಅವನ ನಂತರದ ಹೆಸರೇ ಮತ್ಸ್ಯೇಂದ್ರ. ದೇವರ ಮತ್ತು ಮನುಷ್ಯರ ನಡುವೆ ಮೊದಲನೆಯವ. ಇಷ್ಟು ದೊಡ್ಡವ ನಮ್ಮ ಊರಿನ ಗುಡ್ಡೆಯಲ್ಲಿ ಇದ್ದಾನೆ ಅಂತ ನಾಥ ಪಂಥದವರು ನಂಬ್ತಾರೆ, ನಾವು ಸೊಂಟ ತಿರುಗಿಸಿ ಮನೆಗೆ ಹೋಗಿ ಇಡ್ಲಿ ತಿನ್ನುದು.

ಅವ ಯಾರು? ಕಥೆಗಳೆಲ್ಲ ಒಂದು ವಿಷಯದಲ್ಲಿ ಒಟ್ಟಿಗೆ ನಿಲ್ತವೆ, ಅವನಿಗೆ ಮೀನಿನ ಸಂಬಂಧ. ಟಿಬೆಟಿನವರು ಇಟ್ಟುಕೊಂಡ 84 ಸಿದ್ಧರ ಕಥೆಗಳಲ್ಲಿ ಮೀನಪಾ ಅಂತ ಒಬ್ಬ ಬರ್ತಾನೆ. ಮೀನು ಹಿಡಿಯುವವ. ಒಂದು ದಿನ ಗಾಳಕ್ಕೆ ಭಾರೀ ದೊಡ್ಡ ಮೀನು ಬಿದ್ದು, ಅದು ಇವನನ್ನೇ ಎಳೆದು ನುಂಗಿತು. ಇವ ಅದ್ರ ಹೊಟ್ಟೆಯಲ್ಲೇ ಬದುಕಿ ಉಳಿದ. ಅದೇ ಹೊತ್ತಿಗೆ ಶಿವ ಉಮೆಗೆ ಗುಟ್ಟಿನ ಉಪದೇಶ ಮಾಡ್ಬೇಕು ಅಂತ, ಯಾರಿಗೂ ಕೇಳಬಾರ್ದು ಅಂತ, ಸಮುದ್ರದ ಅಡಿಯಲ್ಲಿ ಮನೆ ಕಟ್ಟಿ ಕೂತದ್ದು. ಮೀನು ಅಲ್ಲೇ ಹತ್ರ ಬಂತು. ಶಿವ ಹೇಳ್ತಾ ಹೋದ, ಉಮೆಗೆ ನಿದ್ರೆ ಬಂತು. ಮಧ್ಯದಲ್ಲಿ ಶಿವ "ಕೇಳ್ತಾ ಇದ್ದಿಯಾ" ಅಂತ ಕೇಳಿದ್ರೆ ಮೀನಿನ ಹೊಟ್ಟೆಯಿಂದ ಇವ ಹೂಂ ಅಂದ! ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ಮಾಡಿದವರಿಗೆಲ್ಲ ಗೊತ್ತು, ಕಥೆ ಸಿಗುದು ಹೂಂ ಅಂದವನಿಗೇ. ಎದ್ದ ಮೇಲೆ ಉಮೆ "ನಾನು ಅರ್ಧ ಕೇಳಿದ್ದಷ್ಟೆ" ಅಂದ್ಲು, ಹಾಗಾದ್ರೆ ಉತ್ತರ ಕೊಟ್ಟದ್ದು ಯಾರು ಅಂತ ಶಿವ ದಿವ್ಯದೃಷ್ಟಿಯಲ್ಲಿ ನೋಡಿ, ಅವನನ್ನ ಶಿಷ್ಯ ಅಂತ ಒಪ್ಪಿಕೊಂಡ. 12 ವರ್ಷ ಅವ ಮೀನಿನೊಳಗೇ ಸಾಧನೆ ಮಾಡಿದ ಅಂತ ಕಥೆ. ಶಿವನ ಶಿಷ್ಯ, ಆದ್ರೆ ಕಥೆ ಜೋಪಾನ ಮಾಡಿದವರು ಬೌದ್ಧರು. ಇದನ್ನ ನೆನಪಿಟ್ಟುಕೊಳ್ಳಿ.

ಅವನ ಹೆಸರಲ್ಲಿ ಬಂದ ಕೌಲಜ್ಞಾನನಿರ್ಣಯ ಅಂತ ಒಂದು ಸಂಸ್ಕೃತ ಗ್ರಂಥ ಉಂಟು. ಅದ್ರ ಹಳೇ ಹಸ್ತಪ್ರತಿ ನೇಪಾಳದಲ್ಲಿ ಸಿಕ್ಕಿತು, ಪ್ರಬೋಧಚಂದ್ರ ಬಾಗ್ಚಿ 1934ರಲ್ಲಿ ಕಲ್ಕತ್ತಾದಿಂದ ಅಚ್ಚು ಹಾಕಿಸಿದ್ರು. ಅದ್ರೊಳಗಿನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಕಾರ್ತಿಕೇಯ ಸಿಟ್ಟಲ್ಲಿ ಶಾಸ್ತ್ರವನ್ನ ಸಮುದ್ರಕ್ಕೆ ಎಸೆದ, ಮೀನು ಅದನ್ನ ನುಂಗಿತು, ಅದನ್ನ ವಾಪಸ್ ತರ್ಲಿಕ್ಕೆ ಭೈರವ ಬ್ರಾಹ್ಮಣ್ಯ ಬಿಟ್ಟು ಬಲೆ ಹಿಡಿದು ಮೀನುಗಾರ ಆದ. ಜಾತಿ ಬಿಟ್ಟು ಕೆಳಗೆ ಇಳಿದದ್ದನ್ನ ದೇವರೇ ತನ್ನ ಬಾಯಲ್ಲಿ ಹೇಳುದು ಅಲ್ಲಿ. ಸಾವಿರ ವರ್ಷದ ಹಿಂದಿನ ಪುಸ್ತಕ, ನಮ್ಮ ಕಾಲದ ಕ್ರಾಂತಿಕಾರಿ ಕವಿ ಬರೆದದ್ದಲ್ಲ.

ಕಾಶ್ಮೀರದ ಅಭಿನವಗುಪ್ತ, ಅವನಿಗಿಂತ ದೊಡ್ಡ ಶೈವ ಪಂಡಿತ ಇನ್ನೊಬ್ಬ ಇಲ್ಲ ಅಂತ ಹೇಳ್ಬಹುದು, ಕ್ರಿ.ಶ. 1000ದ ಆಸುಪಾಸಲ್ಲಿ ತಂತ್ರಾಲೋಕ ಬರೆಯುವಾಗ ಶುರುವಿಗೇ ಈ ಮಚ್ಛಂದನಿಗೆ ಕೈ ಮುಗೀತಾನೆ. ರಾಗದಿಂದ ಕೆಂಪಾದ, ಗಂಟು ಮತ್ತು ತೂತುಗಳೇ ತುಂಬಿದ, ಎಲ್ಲಾ ಕಡೆ ಹರಡಿಕೊಂಡ ಬಲೆಯನ್ನ ದಾರಿಯಾಚೆ ಎಸೆದ ಮಚ್ಛಂದ ನನಗೆ ಪ್ರಸನ್ನ ಆಗ್ಲಿ ಅಂತ ಅದ್ರ ಭಾವ. ಈ ಶ್ಲೋಕ ಓದಿದ ಮೇಲೆ ನಾನು ಬಂದರಿನ ಧಕ್ಕೆಗೆ ಹೋದಾಗೆಲ್ಲ ಬಲೆ ರಿಪೇರಿ ಮಾಡುವವರ ಹತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ತೇನೆ. ನೆಲಕ್ಕೆ ಕೂತು, ಬಲೆಯ ಒಂದು ಭಾಗವನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ನೂಲು ಸುತ್ತಿದ ಪ್ಲಾಸ್ಟಿಕ್ ಸೂಜಿಯಲ್ಲಿ ಹರಿದ ಕಣ್ಣು ಮುಚ್ಚುದು, ಪಕ್ಕದಲ್ಲಿ ಮೊಬೈಲಲ್ಲಿ ಯಕ್ಷಗಾನ ಓಡ್ತಾ ಉಂಟು, ಕೈಯ ಕಡೆ ಕಣ್ಣೇ ಇಲ್ಲ. ನಮ್ಮ ಮನಸ್ಸು ಅಂದ್ರೂ ಹಾಗೇ ಅಲ್ವಾ, ಗಂಟು ಯಾವುದು ತೂತು ಯಾವುದು ಅಂತ ಬೇರೆ ಮಾಡ್ಲಿಕ್ಕೆ ಆಗುದಿಲ್ಲ, ತೂತು ಇಲ್ಲದಿದ್ರೆ ಬಲೆಯೇ ಅಲ್ಲ. ಕಾಶ್ಮೀರದಲ್ಲಿ ಕೂತ ಬ್ರಾಹ್ಮಣ ಪಂಡಿತನಿಗೆ ಬಂಧನ ಅಂದಾಗ ನೆನಪಾದದ್ದು ಒಬ್ಬ ಮೀನುಗಾರ ಗುರುವಿನ ಬಲೆ, ಸರಪಳಿ ಅಲ್ಲ ಹಗ್ಗ ಅಲ್ಲ.

ಇಷ್ಟೆಲ್ಲ ಇದ್ದೂ ಅವನನ್ನ ಯಾಕೆ ಬದಿಗೆ ಸರಿಸಿದ್ದು? ನನಗೆ ಅನ್ನಿಸುದು ಅವ ಮರ್ಯಾದಸ್ಥರಿಗೆ ಮುಜುಗರ ಕೊಡುವ ಗುರು ಅಂತ. ಅವನ ಕೌಲ ಅನ್ನುವ ತಾಂತ್ರಿಕ ಮಾರ್ಗದಲ್ಲಿ ಮದ್ಯ ಉಂಟು, ಮಾಂಸ ಉಂಟು, ಹೆಂಗಸರು ಗುರುಗಳಾಗಿ ಕೂರ್ತಾರೆ, ದೇಹವನ್ನ ಬೈಯುದಿಲ್ಲ. ಇಂಥವನ ಫೋಟೋ ಹಾಕಿ ಕ್ಯಾಲೆಂಡರ್ ಮಾಡುದು ಹೇಗೆ. ನಾಥ ಪಂಥದವರಿಗೇ ಅವನನ್ನ ಹೇಗೆ ಇಟ್ಟುಕೊಳ್ಳುದು ಅಂತ ಕಷ್ಟ ಆಗಿರ್ಬೇಕು, ಅದಕ್ಕೇ ಆ ಪ್ರಸಿದ್ಧ ಕಥೆ ಹುಟ್ಟಿದ್ದು. ಗುರು ಹೆಂಗಸರ ರಾಜ್ಯಕ್ಕೆ ಹೋಗಿ, ರಾಣಿಯ ಮೋಹಕ್ಕೆ ಬಿದ್ದು, ತಾನು ಯಾರು ಅಂತಲೇ ಮರೆತ. ಗಂಡಸರಿಗೆ ಒಳಗೆ ಪ್ರವೇಶ ಇಲ್ಲ. ಶಿಷ್ಯ ಗೋರಖನಾಥ ವೇಷ ಹಾಕಿ, ಆಟದವರ ಜೊತೆ ಸೇರಿ ಮದ್ದಳೆ ಬಾರಿಸ್ತಾ ಒಳಗೆ ಹೋದ, ಮದ್ದಳೆಯ ಪೆಟ್ಟಿನಿಂದಲೇ "ಜಾಗ್ ಮಚ್ಛಿಂದರ್, ಗೋರಖ್ ಆಯಾ" ಅಂತ ಶಬ್ದ ಬಂತು, ಗುರುವಿಗೆ ಎಚ್ಚರ ಆಯ್ತು. ನಮ್ಮ ಕರಾವಳಿಯ ಒಬ್ಬ ಒಳ್ಳೇ ಮದ್ದಳೆಗಾರನ ಕೈಯಲ್ಲಿ ಈ ಪ್ರಸಂಗ ಕೊಟ್ರೆ ಹೇಗೆ ಬರ್ಬಹುದು ಅಂತ ಯೋಚನೆ ಮಾಡಿ. ಗುರುವನ್ನೇ ಶಿಷ್ಯ ಉದ್ಧಾರ ಮಾಡುವ ಕಥೆ ಲೋಕದಲ್ಲಿ ಅಪರೂಪ. ಚಂದ ಉಂಟು, ಆದ್ರೆ ಗುರುವಿನ ಹಳೇ ದಾರಿ ತಪ್ಪು, ಶಿಷ್ಯನ ಬ್ರಹ್ಮಚರ್ಯವೇ ಸರಿ ಅಂತ ತೀರ್ಪು ಕೊಡುವ ಕಥೆಯೂ ಹೌದು ಅದು.

ಮಂಗಳೂರಲ್ಲಿ ಅದೇ ಕಥೆಗೆ ಬೇರೆ ಮುಖ ಉಂಟು, ಆ ಮುಖ ನನಗೆ ಹೆಚ್ಚು ಇಷ್ಟ. ನಮ್ಮ ದೊಡ್ಡಮ್ಮ ಬೋಳಾರದವರು, ಅವರ ಬಾಯಲ್ಲಿ ಕೇಳಿದ್ದು. ಮಲೆಯಾಳ ದೇಶದ ಒಬ್ಬಳು ರಾಣಿ, ಪ್ರೇಮಲಾದೇವಿ ಅಂತ ಕೆಲವರು, ಪರಿಮಳೆ ಅಂತ ಕೆಲವರು, ರಾಜ್ಯ ಬಿಟ್ಟು ಮಚ್ಛೇಂದ್ರನ ಹಿಂದೆ ಹೊರಟು ಬಂದವಳು. ಅವ ಅವಳಿಗೆ ದೀಕ್ಷೆ ಕೊಟ್ಟು ಮಂಗಳಾದೇವಿ ಅಂತ ಹೆಸರಿಟ್ಟ. ಬೋಳಾರಕ್ಕೆ ಬರುವಾಗ ಅವಳಿಗೆ ಸೌಖ್ಯ ಇಲ್ಲದೆ ಆಯ್ತು, ಅಲ್ಲೇ ಉಳಿದ್ಲು, ಅಲ್ಲೇ ತೀರಿಕೊಂಡ್ಲು, ಅಲ್ಲೇ ಗುಡಿ ಆಯ್ತು, ಊರಿಗೇ ಅವಳ ಹೆಸರು ಬಂತು. "ಅವ ಎಂತ ಸನ್ಯಾಸಿಯಾ ಮಂತ್ರವಾದಿಯಾ ದೊಡ್ಡಮ್ಮ" ಅಂತ ನಾನು ಕೇಳಿದ್ದಕ್ಕೆ ಅವರು ತೆಂಗಿನಕಾಯಿ ತುರಿಯುದು ನಿಲ್ಲಿಸದೆ "ಎರಡೂ ಅಲ್ಲ ಮಗಾ, ಜೋಗಿ" ಅಂದ್ರು. ಇಲ್ಲಿ ಅವಳು ಮೋಹದ ಹೊಂಡ ಅಲ್ಲ, ಗುರುವನ್ನ ಕೆಡಿಸಿದವಳೂ ಅಲ್ಲ, ದೀಕ್ಷೆ ತಗೊಂಡ ಶಿಷ್ಯೆ, ಆಮೇಲೆ ದೇವಿ. ಈಗ್ಲೂ ಕದ್ರಿ ಜಾತ್ರೆಯ ಶುರುವಿನ ದಿನಗಳಲ್ಲಿ ಜೋಗಿ ಮಠದ ಅರಸರು ಮಂಗಳಾದೇವಿಗೆ ಬಂದು ಪೂಜೆ ಮಾಡಿಸಿ ರೇಷ್ಮೆ ವಸ್ತ್ರ ಒಪ್ಪಿಸುವ ಕ್ರಮ ಉಂಟು. ಉತ್ತರದ ಕಥೆಗಳಲ್ಲಿ ಗೋರಖ ಬಂದು ಗುರುವನ್ನ ಬಿಡಿಸಿಕೊಂಡು ಹೋದ ಮೇಲೆ ಆ ರಾಣಿಯ ಗತಿ ಎಂತ ಆಯ್ತು ಅಂತ ಯಾರೂ ತಲೆ ಕೆಡಿಸಿಕೊಳ್ಳುದಿಲ್ಲ. ನಮ್ಮ ಊರಿನವರು ಮಾತ್ರ ಅವಳಿಗೆ ಗುಡಿ ಕಟ್ಟಿದ್ರು, ಸೀರೆ ಕಳಿಸ್ತಾರೆ.

ಗೋರಖನ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಕನ್ನಡದವರು ಗೋರಖನಿಗೆ ಅಷ್ಟು ಸುಲಭದಲ್ಲಿ ಸೋತವರಲ್ಲ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ, ಶೂನ್ಯಸಂಪಾದನೆಯಲ್ಲಿ ಗೋರಕ್ಷ ಅಲ್ಲಮನ ಎದುರು ನಿಲ್ತಾನೆ. ನನ್ನದು ವಜ್ರಕಾಯ, ಬೇಕಾದ್ರೆ ಕತ್ತಿಯಿಂದ ಹೊಡೆದು ನೋಡು ಅಂತ. ಅಲ್ಲಮ ಹೊಡೆದ, ಖಣಿಲ್ ಅಂತ ಶಬ್ದ ಬಂತು, ಒಂದು ರೋಮವೂ ಉದುರ್ಲಿಲ್ಲ. ಈಗ ನೀನು ಹೊಡೆ ಅಂದ ಅಲ್ಲಮ. ಗೋರಕ್ಷ ಬೀಸಿದ್ರೆ ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಯ್ತು, ತಾಗ್ಲಿಕ್ಕೆ ಅಲ್ಲಿ ಎಂತದೂ ಇಲ್ಲ. ಶಬ್ದ ಬಂದದ್ದೇ ಸೋಲು. ಜಿಮ್ಮಿಗೆ ಹೋಗುವ ನನ್ನ ತಮ್ಮನಿಗೆ ಈ ಕಥೆ ಹೇಳಿದ್ರೆ ಅವನಿಗೆ ಗೋರಕ್ಷನೇ ಗೆದ್ದ ಹಾಗೆ ಕಾಣ್ತದಂತೆ.

ಈಗ ವಾಪಸ್ ಲೋಕೇಶ್ವರನಿಗೆ ಬರುವ, ನೇಪಾಳದ ದಾರಿಯಲ್ಲಿ. ಕಾಠ್ಮಂಡು ಪಕ್ಕದ ಪಾಟನ್ ಅಂತ ಊರಲ್ಲಿ ರಾತೋ ಮಚ್ಛಿಂದ್ರನಾಥ ಅಂತ ಕೆಂಪು ದೇವರು ಇದ್ದಾನೆ, ಅವನ ರಥಯಾತ್ರೆ ಆ ಕಣಿವೆಯ ಅತಿ ದೊಡ್ಡ ಹಬ್ಬಗಳಲ್ಲಿ ಒಂದು. ಹಿಂದೂಗಳು ಅವನನ್ನ ಮಚ್ಛಿಂದ್ರನಾಥ ಅಂತಾರೆ, ಅದೇ ಮೂರ್ತಿಯನ್ನ ನೇವಾರ ಬೌದ್ಧರು ಕರುಣಾಮಯ ಅಂತಾರೆ, ಅಂದ್ರೆ ಅವಲೋಕಿತೇಶ್ವರ, ಲೋಕೇಶ್ವರ. ಒಂದೇ ಮೂರ್ತಿ, ಒಂದೇ ರಥ, ಒಂದೇ ಹಗ್ಗ, ಎಳೆಯುವವರು ಇಬ್ಬರೂ. ಅಲ್ಲಿಯ ಕಥೆ ಏನಂದ್ರೆ ಗೋರಖನಾಥ ಕಣಿವೆಗೆ ಬಂದಾಗ ಯಾರೂ ಸರಿ ಮರ್ಯಾದೆ ಮಾಡ್ಲಿಲ್ಲ, ಅವ ಸಿಟ್ಟಲ್ಲಿ ಮಳೆ ತರುವ ನಾಗಗಳನ್ನ ಅಡಿಗೆ ಹಾಕಿ ಮೇಲೆ ಧ್ಯಾನಕ್ಕೆ ಕೂತುಬಿಟ್ಟ, 12 ವರ್ಷ ಹನಿ ಮಳೆ ಇಲ್ಲ. ಎಬ್ಬಿಸುದು ಹೇಗೆ, ಗುರುವನ್ನ ಕರ್ಕೊಂಡು ಬಂದ್ರೆ ಶಿಷ್ಯ ಎದ್ದು ನಿಲ್ಲಲೇಬೇಕಲ್ಲ. ಹಾಗೆ ಮಚ್ಛಿಂದ್ರನನ್ನ ತಂದ್ರು, ಗೋರಖ ಎದ್ದ, ನಾಗಗಳು ಬಿಡುಗಡೆ ಆದ್ವು, ಮಳೆ ಬಂತು. ಅಲ್ಲಿಯೂ 12 ವರ್ಷಕ್ಕೊಮ್ಮೆ ರಥವನ್ನ ಬುಂಗಮತಿ ಅನ್ನುವ ಹಳ್ಳಿಯಿಂದಲೇ ಕಟ್ಟಿ ಹೊರಡಿಸ್ತಾರೆ. ಈ ನಾಥರಿಗೆ 12ರ ಮೇಲೆ ಅದೆಂತ ಪ್ರೀತಿಯೋ.

ಕದ್ರಿಯಲ್ಲಿಯೂ ಒಂದೇ ಗುಡ್ಡೆಯಲ್ಲಿ ಮಚ್ಛೇಂದ್ರ ಉಂಟು, ಲೋಕೇಶ್ವರ ಉಂಟು, ಶಿವ ಉಂಟು. ನೇಪಾಳದಲ್ಲಿ ಇವತ್ತಿಗೂ ಕಣ್ಣಿಗೆ ಕಾಣುವ ಹಾಗೆ ನಡೆಯುವುದು, ಕುಂದವರ್ಮನ ಕಾಲಕ್ಕೆ ನಮ್ಮಲ್ಲಿಯೂ ಮಾಮೂಲಿ ಆಗಿತ್ತು ಅಂತ ನಾನು ನಂಬುದು. ಕದ್ರಿ ಮೊದಲು ಯಾರದ್ದು ಅಂತ ಕೇಳುವವರು ಆಸ್ತಿಯ ಆರ್‌ಟಿಸಿ ಕೇಳಿದ ಹಾಗೆ ಕೇಳ್ತಾರೆ, ಆದ್ರೆ ಸಿದ್ಧರಿಗೆ ಆ ಕಾಲಂನಲ್ಲಿ ತುಂಬಲಿಕ್ಕೆ ಹೆಸರೇ ಇರ್ಲಿಲ್ಲ. ಮೀನಿನ ಹೊಟ್ಟೆಯ ಕಥೆಯಲ್ಲಿ ಶಿವನ ಉಪದೇಶ ಬೌದ್ಧರ ಸಿದ್ಧನಿಗೆ ಸಿಗ್ತದೆ, ಯಾರಿಗೂ ಅದ್ರಲ್ಲಿ ಕಳ್ಳತನ ಕಾಣುದಿಲ್ಲ.

ಹಾಗಂತ ಇದನ್ನ ತಗೊಂಡು ಹೋಗಿ ಸೌಹಾರ್ದದ ವೇದಿಕೆಯಲ್ಲಿ ಭಾಷಣ ಮಾಡ್ಬೇಡಿ, ದಯವಿಟ್ಟು. ಎಲ್ಲರೂ ಕೈ ಕೈ ಹಿಡಿದು ಇದ್ರು ಅಂತ ನಾನು ಹೇಳ್ತಾ ಇಲ್ಲ. ಈ ಗುಡ್ಡೆಯಲ್ಲಿ ಆಸ್ತಿ ಇತ್ತು, ಅಧಿಕಾರ ಇತ್ತು, ಕಿತ್ತುಕೊಂಡದ್ದೂ ಉಂಟು. ಅದಕ್ಕೆ ಕಣ್ಣಾರೆ ನೋಡಿದವನ ಸಾಕ್ಷಿಯೇ ಸಿಗ್ತದೆ, ಇಟಲಿಯ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ. ಭಾರೀ ವಿಚಿತ್ರ ಮನುಷ್ಯ, ಪರ್ಷಿಯಾದಲ್ಲಿ ತೀರಿಹೋದ ಹೆಂಡತಿಯ ದೇಹವನ್ನ ಪೆಟ್ಟಿಗೆಯಲ್ಲಿ ಇಟ್ಟು ವರ್ಷಗಟ್ಟಲೆ ಸಾಗಿಸಿ ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದವ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಕೆಳದಿಯ ಅರಸ ವೆಂಕಟಪ್ಪ ನಾಯಕನಲ್ಲಿಗೆ ಬಂದ, ಅಲ್ಲಿಂದ ಮಂಗಳೂರಿಗೆ ಇಳಿದ. ಉಳ್ಳಾಲದ ರಾಣಿಯನ್ನ ದಾರಿಯಲ್ಲೇ ನೋಡಿದ, ಬರಿಗಾಲಲ್ಲಿ ನಡೀತಾ ತೋಡಿನ ಕೆಲಸ ನೋಡ್ಲಿಕ್ಕೆ ಹೊರಟಿದ್ದಳು, ನೋಡ್ಲಿಕ್ಕೆ ಅಡುಗೆಮನೆಯ ಕೆಲಸದವಳ ಹಾಗೆ, ಆದ್ರೆ ಬಾಯಿ ತೆರೆದ್ರೆ ರಾಣಿಯೇ ಅಂತ ಬರೀತಾನೆ. ಆಮೇಲೆ ಕದ್ರಿಗೆ ಬಂದ, "ಜೋಗಿಗಳ ಅರಸ"ನನ್ನ ನೋಡ್ಲಿಕ್ಕೆ.

ಅವ ಬರೆದ ಚಿತ್ರ ಎಷ್ಟು ಸ್ಪಷ್ಟ ಅಂದ್ರೆ ಈಗ ನೋಡಿ ಬಂದ ಹಾಗೆ. ಉದ್ದ ಬಿಳಿ ಗಡ್ಡದ ಮುದುಕ, ಆದ್ರೆ ಗಟ್ಟಿಮುಟ್ಟು. ಎರಡೂ ಕಿವಿಯಲ್ಲಿ ಬಂಗಾರದ ಹಾಗೆ ಕಾಣುವ ಗುಂಡುಗಳು, ಕೋವಿಯ ಗುಂಡಿನಷ್ಟು ದೊಡ್ಡದು, ಭಾರಕ್ಕೆ ಕಿವಿಯ ಹಾಲೆ ಇಳಿಬಿದ್ದಿದೆ. ತಲೆಗೆ ಸಣ್ಣ ಕೆಂಪು ಟೊಪ್ಪಿ, ಅದು ಯುರೋಪಿನಿಂದಲೇ ಮಾರ್ಲಿಕ್ಕೆ ಬರುವ ಮಾಲು ಅಂತ ಅವನಿಗೆ ಗುರುತು ಹತ್ತಿತು. ಸೊಂಟದ ಮೇಲೆ ಬರಿಮೈ, ಹೆಗಲಿಗೆ ಬಣ್ಣ ಬಣ್ಣದ ಚೌಕಳಿಯ ಹತ್ತಿ ಬಟ್ಟೆ. ಬುದ್ಧಿವಂತನ ಹಾಗೆ ಕಂಡ, ಪರೀಕ್ಷೆ ಮಾಡಿ ನೋಡಿದ್ರೆ ಓದಿದವ ಅಲ್ಲ ಅಂತ ಒಂದು ಸರ್ಟಿಫಿಕೇಟ್ ಕೂಡ ಕೊಟ್ಟುಬಿಟ್ಟಿದ್ದಾನೆ, ಪುಣ್ಯಾತ್ಮ. ಆ ಮುದುಕ ಹೇಳಿದ್ದು ಇಷ್ಟು, ಮೊದಲು ನನಗೆ ಆನೆ ಇತ್ತು ಕುದುರೆ ಇತ್ತು ಪಲ್ಲಕ್ಕಿ ಇತ್ತು, ವೆಂಕಟಪ್ಪ ನಾಯಕ ಎಲ್ಲ ತಗೊಂಡ, ಈಗ ಉಳಿದದ್ದು ಸ್ವಲ್ಪ ಅಂತ. ಅಂದ್ರೆ ಜೋಗಿ ಅರಸು ಅನ್ನುವುದು ಬರೀ ಗೌರವದ ಹೆಸರು ಅಲ್ಲ, ಒಂದು ಕಾಲಕ್ಕೆ ನಿಜವಾಗಿ ಭೂಮಿ, ಹುಟ್ಟುವಳಿ, ಪರಿವಾರ ಎಲ್ಲ ಇದ್ದ ಪಟ್ಟ ಅದು. ಅದನ್ನ ಮುರಿದದ್ದು ಬೇರೆ ಧರ್ಮದವನಲ್ಲ, ಶಿವಭಕ್ತ ನಾಯಕನೇ.

ಆದ್ರೆ ಆ ಭೇಟಿಯಲ್ಲಿ ನನ್ನ ತಲೆಗೆ ಹುಳ ಬಿಟ್ಟದ್ದು ಬೇರೆ ಒಂದು ಸಾಲು. ಇನ್ನು ಒಂದು 20 ದಿನಕ್ಕೆ ಇಲ್ಲಿ ದೊಡ್ಡ ಉತ್ಸವ ಆಗ್ತದೆ, ಬೇರೆ ಬೇರೆ ಕಡೆಯಿಂದ ಜೋಗಿಗಳು ಬರ್ತಾರೆ, ಅವರಲ್ಲಿ ಒಬ್ಬ ತುಂಬ ಓದಿದವ, ಅರಬಿ ಮತ್ತು ಪರ್ಷಿಯನ್ ಎರಡೂ ಮಾತಾಡ್ತಾನೆ, ನಿಮ್ಮ ಪ್ರಶ್ನೆಗೆಲ್ಲ ಅವ ಉತ್ತರ ಕೊಟ್ಟಾನು ಅಂತ ಮುದುಕ ಅರಸ ಹೇಳಿದ. ತಿಂಗಳು ಡಿಸೆಂಬರ್, ಅಂದ್ರೆ ಅದು ನಮ್ಮ ಮಕರ ಸಂಕ್ರಾಂತಿ ಹೊತ್ತಿನ ಕದ್ರಿ ಜಾತ್ರೆಯೇ ಅಂತ ನನ್ನ ಊಹೆ. ದೆಲ್ಲ ವಾಲೆಗೆ ಅಷ್ಟು ದಿನ ಕಾಯ್ಲಿಕ್ಕೆ ಆಗ್ಲಿಲ್ಲ. ಅವ ಕಾಯ್ತಿದ್ರೆ! 1623ರಲ್ಲಿ ಅರಬಿಯೂ ಪರ್ಷಿಯನ್ನೂ ಬಲ್ಲ ಒಬ್ಬ ಜೋಗಿ, ಎಲ್ಲಿ ಕಲಿತದ್ದು, ಹೊರ್ಮುಜಿಗೆ ಹೋಗಿ ಬಂದವನಾ, ಗೋವೆಯ ಪಾದ್ರಿಗಳ ಜೊತೆ ವಾದ ಮಾಡಿದವನಾ, ಹುಟ್ಟಿದ್ದು ಬ್ಯಾರಿ ಮನೆಯಲ್ಲಾ ಪಂಜಾಬಿನಲ್ಲಾ, ಪೀರರ ದರ್ಗಾಗಳಲ್ಲಿ ಮಲಗಿ ಎದ್ದವನಾ. ಹೆಸರಿಲ್ಲ, ಊರಿಲ್ಲ, ಒಂದು ಸಾಲು ಮಾತ್ರ. ಚರಿತ್ರೆಯಲ್ಲಿ ಯಾರನ್ನಾದ್ರೂ ಒಬ್ಬರನ್ನ ಅರ್ಧ ಗಂಟೆ ಮಾತಾಡಿಸ್ಲಿಕ್ಕೆ ಅವಕಾಶ ಸಿಕ್ಕಿದ್ರೆ ನಾನು ರಾಜರನ್ನೂ ಆಚಾರ್ಯರನ್ನೂ ಬಿಟ್ಟು ಈ ಜೋಗಿಯ ಹತ್ರ ಹೋಗಿ ಕೂರ್ತೇನೆ.

ಇಂಥವ ಕದ್ರಿಗೆ ಬರುದು ಆಶ್ಚರ್ಯ ಅಲ್ಲ ಅಂತ ಅರ್ಥ ಆದದ್ದು ನಾಥರ ಝುಂಡಿ ಅನ್ನುವ ಕಾಲ್ನಡಿಗೆ ಯಾತ್ರೆಯ ಬಗ್ಗೆ ತಿಳಿದ ಮೇಲೆ. ಕದ್ರಿ ಮಠದ ಅರಸನನ್ನ ನಾವು ಆರಿಸುದಲ್ಲ, ಅವನು ಸಾಮಾನ್ಯವಾಗಿ ಈ ಕಡೆಯವನೂ ಅಲ್ಲ. ನಾಸಿಕದ ಕುಂಭಮೇಳ 12 ವರ್ಷಕ್ಕೊಮ್ಮೆ ನಡೀತದಲ್ಲ, ಆಗ ತ್ರ್ಯಂಬಕೇಶ್ವರದಲ್ಲಿ ಹನ್ನೆರಡು ಪಂಥದ ನಾಥರು ಸೇರಿ ಕದ್ರಿಗೆ ಹೊಸ ಅರಸನನ್ನ ಆರಿಸ್ತಾರೆ. ಆಮೇಲೆ ನಡಿಗೆ. ನಾಗರ ಪಂಚಮಿ ಹೊತ್ತಿಗೆ ಹೊರಟ ಗುಂಪು, ಪಾತ್ರದೇವತೆ ಅಂತ ಪೂಜಿಸುವ ಪಾತ್ರೆಯನ್ನ ಮುಂದೆ ಇಟ್ಟುಕೊಂಡು, ಮಹಾರಾಷ್ಟ್ರ ದಾಟಿ, ಘಟ್ಟ ಇಳಿದು, ಊರೂರಲ್ಲಿ ತಂಗುತ್ತಾ ಶಿವರಾತ್ರಿ ಹೊತ್ತಿಗೆ ಮಂಗಳೂರಿಗೆ ಮುಟ್ತದೆ. ಅರ್ಧ ವರ್ಷ ಕಾಲ್ನಡಿಗೆ. 2004ರಲ್ಲಿ ಹೀಗೆ ಬಂದಿದ್ರು, 2016ರಲ್ಲಿ ಬಂದ್ರು. ಕಿವಿಯಲ್ಲಿ ದೊಡ್ಡ ಕುಂಡಲ, ಅದು ಹಾಲೆಯಲ್ಲಿ ಅಲ್ಲ, ಕಿವಿಯ ಮಧ್ಯದ ಗಟ್ಟಿ ಭಾಗವನ್ನೇ ಸೀಳಿ ಹಾಕುದು, ನೋಡಿದ್ರೆ ನಮ್ಮ ಕಿವಿಯೇ ನೋಯ್ತದೆ. ಕುತ್ತಿಗೆಯಲ್ಲಿ ಕಪ್ಪು ಉಣ್ಣೆಯ ದಾರಕ್ಕೆ ಕಟ್ಟಿದ ಸಣ್ಣ ಸಿಂಗಿನಾದ, ಗುರುವಿನ ಎದುರು, ದೇವರ ಎದುರು ಅದನ್ನ ಊದುದು. ಹೊಸ ಅರಸ ಪಟ್ಟಕ್ಕೆ ಕೂತ ಮೇಲೆ 12 ವರ್ಷ ಅವನ ಮನೆ ಕದ್ರಿ. ಬರುವಾಗ ತುಳುವೂ ಇಲ್ಲ ಕನ್ನಡವೂ ಇಲ್ಲ, ಆಮೇಲೆ ಜಾತ್ರೆ, ಮಂಗಳಾದೇವಿಯ ಸೀರೆ, ಇಲ್ಲಿಯ ಜೋಗಿ ಸಮಾಜದವರ ಮದುವೆ ಮುಂಜಿ ಜಗಳ ಎಲ್ಲದಕ್ಕೂ ಅವನೇ. ವಿಟ್ಲದಲ್ಲಿ, ಕುಂದಾಪುರದ ಕಡೆ ಹಲವರಿಯಲ್ಲಿಯೂ ಇದೇ ನಾಥರ ಮಠಗಳುಂಟು, ಉಡುಪಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಮಠ ಅಂದ್ರೆ ಅಷ್ಟಮಠ ಅಂತಲೇ ನಮ್ಮ ಲೆಕ್ಕ.

ಕೆಳಗಿನ ದೇವಸ್ಥಾನದಲ್ಲಿ ಪೂಜೆ ಮಾಡುವವರು ಮಾಧ್ವ ಬ್ರಾಹ್ಮಣರು, ಮೇಲಿನ ಮಠದಲ್ಲಿ ಧುನಿಯ, ಅಂದ್ರೆ ಜೋಗಿಗಳ ಅಗ್ನಿಕುಂಡದ ಬೂದಿ ಹಚ್ಚಿಕೊಂಡ ನಾಥರು, ಮಧ್ಯದಲ್ಲಿ ಲೋಕೇಶ್ವರ. ಇಲ್ಲಿಂದಲೇ ಧರ್ಮಸ್ಥಳದ ದೈವ ಅಣ್ಣಪ್ಪ ರಾತ್ರಿ ಬೆಳಗಾಗುವುದರೊಳಗೆ ಲಿಂಗ ತಗೊಂಡು ಹೋದ, ವಾದಿರಾಜರು ಅದನ್ನ ಧರ್ಮಸ್ಥಳದಲ್ಲಿ ಪ್ರತಿಷ್ಠೆ ಮಾಡಿದ್ರು ಅಂತ ಕ್ಷೇತ್ರದ ಕಥೆ, ಅಲ್ಲಿಯೂ ದೇವರು ಶಿವ, ಪೂಜೆ ವೈಷ್ಣವರದ್ದು, ಹೆಗ್ಗಡೆಯವರು ಜೈನರು. ಕದ್ರಿಯಿಂದ ಹೊರಟ ಲಿಂಗಕ್ಕೆ ಕದ್ರಿಯ ಗುಣವೇ ಬಂತು ಅಂತ ಕಾಣ್ತದೆ.

ನಾಸಿಕದಲ್ಲಿ ಮುಂದಿನ ಕುಂಭ 2027ಕ್ಕೆ, ಅಂದ್ರೆ ಝುಂಡಿ ನಮ್ಮ ಕಡೆ ಮುಟ್ಟುವಾಗ 2028ರ ಶಿವರಾತ್ರಿ ಹತ್ರ ಆಗ್ತದೆ. ಹೈವೇ ಬದಿಯಲ್ಲಿ ಕಾವಿಯವರ ಸಾಲು ಕಂಡ್ರೆ ಕಾರಿನೊಳಗಿಂದ ವಿಡಿಯೋ ಮಾಡಿ ಹೋಗ್ಬೇಡಿ, ತಂಗಿದ ಜಾಗಕ್ಕೆ ಹೋಗಿ ಕೂತುಕೊಳ್ಳಿ. ಹಿಂದಿ ಹರಕುಮುರುಕು ಸಾಕು. ವಿಹಾರ ಮೊದಲಾ ದೇವಸ್ಥಾನ ಮೊದಲಾ ಅಂತ ಅವರ ಹತ್ರ ಕೇಳಿ ಪ್ರಯೋಜನ ಇಲ್ಲ, ಮಚ್ಛೀಂದರ್ ಬಾಬಾನ ಕಥೆ ಹೇಳಿ ಅಂತ ಕೇಳಿ, ಮಧ್ಯ ಮಧ್ಯ ಹೂಂ ಅನ್ಲಿಕ್ಕೆ ಮರೀಬೇಡಿ. ಹಾಗೇ ಅವರಲ್ಲಿ ಯಾರಿಗಾದ್ರೂ ಅರಬಿ ಬರ್ತದಾ ಅಂತ ವಿಚಾರಿಸಿ ನನಗೆ ಒಂದು ಮೆಸೇಜ್ ಹಾಕಿ.